ಚಿಕ್ಕ ಕೆಟಗರಿಯ ಮೋನೊ ದೊಡ್ಡದರಲ್ಲೂ ಮೋನೊನಾ? ಕರ್ನಲ್ ಕಥೆ ಏನು? ಪರೀಕ್ಷೆ ಮಾಡುವ ಬಗೆ

ಕಲಬುರಗಿಯಲ್ಲಿ ಎಂ.ಎಸ್ಸಿ. ಗಣಿತ ಮಾಡಿ ಮುಂದೆ ಆಲ್ಜೀಬ್ರಾ ಹಿಡಿದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ತಂದೇ ತರುತ್ತಾರೆ. "ಸರ್, ಡಿವಿಸಿಬಲ್ ಗ್ರೂಪಿನ್ಯಾಗ ಇದು ಮೋನೊ ಅಂತ ಬರದಾರ್ರಿ. ಆದ್ರ ಒನ್-ಒನ್ ಇಲ್ಲ. ಪ್ರಿಂಟಿನ್ಯಾಗ ತಪ್ಪು ಅದ ಏನ್ರಿ?"

ತಪ್ಪೇನಿಲ್ಲ. ಒಂದು ಬಾಣ (ಅಂದರೆ ಮಾರ್ಫಿಸಂ) ಮೋನೊ (ಮೋನೊಮಾರ್ಫಿಸಂ, ವ್ಯಾಖ್ಯೆ ಕೆಳಗಿದೆ) ಹೌದೋ ಅಲ್ಲವೋ ಅನ್ನುವುದು ನೀವು ಯಾವ ಕೆಟಗರಿಯಲ್ಲಿ ನಿಂತು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಸೇಡಂ ರಸ್ತೆಯ ವಿಶ್ವವಿದ್ಯಾಲಯದಲ್ಲಿ ಓದುವವರಿರಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಿರಲಿ, ಗೊಂದಲ ಒಂದೇ ಜಾಗದಲ್ಲಿ. ಅದಕ್ಕೇ ಪರೀಕ್ಷೆ ಮಾಡುವ ಕ್ರಮವನ್ನೇ ಬರೆದಿಡುತ್ತಿದ್ದೇನೆ. ಗ್ರೂಪ್, ಹೋಮೊಮಾರ್ಫಿಸಂ, ಕೋಷಂಟ್ ಗೊತ್ತಿದ್ದು, ಕೆಟಗರಿ ಮತ್ತು ಫಂಕ್ಟರ್‌ನ ವ್ಯಾಖ್ಯೆ ಒಮ್ಮೆ ಓದಿದ್ದರೆ ಸಾಕು. ಪೆನ್ನು ಹಾಳೆ ಇಟ್ಟುಕೊಂಡು ಓದಿ, ಸುಮ್ನೆ ಕಣ್ಣಾಡಿಸಿದರೆ ಉಪಯೋಗ ಇಲ್ಲ.

ಮೊದಲು: ಸಾಕ್ಷಿ ಯಾರು ಅಂತ ಕೇಳಿ

ಎ ಇಂದ ಬಿ ಗೆ ಹೋಗುವ ಬಾಣ ಎಫ್. ಇದು ಮೋನೊ ಅಂದರೆ ಇಷ್ಟೇ: ಯಾವುದೇ ವಸ್ತು ಎಕ್ಸ್ ಇಂದ ಎ ಗೆ ಜಿ, ಎಚ್ ಅಂತ ಎರಡು ಬಾಣ ಬರಲಿ, ಮೊದಲು ಜಿ ಆಮೇಲೆ ಎಫ್ ಹಾಕಿದರೂ, ಮೊದಲು ಎಚ್ ಆಮೇಲೆ ಎಫ್ ಹಾಕಿದರೂ ಒಂದೇ ಫಲ ಬಂದರೆ, ಜಿ ಮತ್ತು ಎಚ್ ಒಂದೇ ಆಗಿರಬೇಕು.

ಇಲ್ಲಿ "ಯಾವುದೇ ಎಕ್ಸ್" ಅನ್ನುವುದನ್ನು ಎಲ್ಲರೂ ಓಡಿಸಿಕೊಂಡು ಓದುತ್ತಾರೆ. ಎಲ್ಲಿಯ ಎಕ್ಸ್? ನೀವು ನಿಂತ ಕೆಟಗರಿಯ ಎಕ್ಸ್ ಮಾತ್ರ. ಎಫ್ ಮೋನೊ ಅಲ್ಲ ಅಂತ ತೋರಿಸಬೇಕಾದರೆ ಬೇರೆ ಬೇರೆಯಾಗಿದ್ದೂ ಎಫ್ ಆದ ಮೇಲೆ ಒಂದಾಗುವ ಜಿ, ಎಚ್ ಜೋಡಿ ಬೇಕು. ಈ ಜೋಡಿಯನ್ನು ಸಾಕ್ಷಿ ಅಂತ ಕರೆಯೋಣ. ಊರ ಪಂಚಾಯಿತಿ ಕೂತಿದೆ, ಆ ಊರಿನವರು ಮಾತ್ರ ಸಾಕ್ಷಿ ಹೇಳಬಹುದು ಅಂತ ಕಟ್ಟಳೆ ಇದೆ, ಕಳ್ಳತನ ನೋಡಿದವನು ಪಕ್ಕದ ಊರಿನವ. ಆರೋಪಿ ಬಿಡುಗಡೆ ಆಗ್ತಾನೆ, ಅಲ್ವಾ? ಚಿಕ್ಕ ಕೆಟಗರಿಯಲ್ಲಿ, ಅಂದರೆ ದೊಡ್ಡದೊಂದು ಕೆಟಗರಿಯ ಕೆಲವು ವಸ್ತು, ಕೆಲವು ಬಾಣ ಮಾತ್ರ ಇಟ್ಟುಕೊಂಡ ಸಬ್‌ಕೆಟಗರಿಯಲ್ಲಿ, ನಡೆಯುವುದೂ ಇದೇ.

ಇದರಿಂದ ಒಂದು ದಿಕ್ಕು ಪುಕ್ಕಟೆಯಾಗಿ ಸಿಗುತ್ತದೆ. ದೊಡ್ಡ ಕೆಟಗರಿಯಲ್ಲಿ ಮೋನೊ ಆಗಿರುವ ಬಾಣ ಚಿಕ್ಕದರಲ್ಲಿ ಇದ್ದರೆ ಅಲ್ಲೂ ಮೋನೊನೇ. ದೊಡ್ಡ ಊರಲ್ಲೇ ಸಾಕ್ಷಿ ಇಲ್ಲದಿದ್ದರೆ ಚಿಕ್ಕದರಲ್ಲಿ ಎಲ್ಲಿಂದ ಬರಬೇಕು. ಕಷ್ಟ ಇರುವುದು ಉಲ್ಟಾ ದಿಕ್ಕಿನಲ್ಲಿ. ಚಿಕ್ಕದರ ಮೋನೊ ದೊಡ್ಡದರಲ್ಲೂ ಮೋನೊ ಆಗಿ ಉಳಿದರೆ "ಇನ್‌ಕ್ಲೂಷನ್ ಮೋನೊಗಳನ್ನು ಉಳಿಸುತ್ತದೆ" ಅನ್ನುತ್ತೇವೆ. ಇನ್‌ಕ್ಲೂಷನ್ ಅಂದರೆ ಚಿಕ್ಕದರ ವಸ್ತು, ಬಾಣಗಳನ್ನು ದೊಡ್ಡದರೊಳಗೆ ಇದ್ದಂತೆ ಇಡುವ ಫಂಕ್ಟರ್. ಉಳಿಸಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಫುಲ್ ಸಬ್‌ಕೆಟಗರಿ ಹೌದಾ?

ಆಯ್ದುಕೊಂಡ ವಸ್ತುಗಳ ನಡುವೆ ದೊಡ್ಡದರಲ್ಲಿ ಇದ್ದ ಎಲ್ಲ ಬಾಣಗಳನ್ನೂ ಇಟ್ಟುಕೊಂಡರೆ ಅದು ಫುಲ್. ಕೆಲವನ್ನು ಬಿಟ್ಟರೆ ಏನು ಬೇಕಾದರೂ ಆಗಬಹುದು. ಸೆಟ್‌ಗಳ ಕೆಟಗರಿಯಿಂದ ಎರಡು ಅಂಶಗಳ ಒಂದು ಸೆಟ್, ಒಂದೇ ಅಂಶದ ಒಂದು ಸೆಟ್ ತೆಗೆದುಕೊಳ್ಳಿ. ಐಡೆಂಟಿಟಿಗಳನ್ನು ಬಿಟ್ಟರೆ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ಒಂದೇ ಬಾಣ ಇಟ್ಟುಕೊಳ್ಳಿ. ಎರಡು ಅಂಶದ ಸೆಟ್‌ಗೆ ಬರುವ ಬಾಣ ಅದರದೇ ಐಡೆಂಟಿಟಿ ಒಂದೇ. ಬೇರೆ ಬೇರೆ ಜಿ, ಎಚ್ ಇಲ್ಲವೇ ಇಲ್ಲ. ಹಾಗಾಗಿ ಎರಡನ್ನೂ ಒಂದು ಮಾಡುವ ಆ ಬಾಣ ಇಲ್ಲಿ ಮೋನೊ. ಇದು ಮೋಸದಂಥ ಉದಾಹರಣೆ, ಜಾಸ್ತಿ ಕಲಿಯುವುದೇನಿಲ್ಲ. ಇಲ್ಲಿಂದ ಮುಂದೆ ಎಲ್ಲವೂ ಫುಲ್ ಅಂತಲೇ ಇಟ್ಟುಕೊಳ್ಳುತ್ತೇನೆ.

ಕೈಯಾರೆ ಮಾಡಲೇಬೇಕಾದ ಲೆಕ್ಕ

ದೊಡ್ಡ ಕೆಟಗರಿ: ಅಬೇಲಿಯನ್ ಗ್ರೂಪ್‌ಗಳು. ಚಿಕ್ಕದು: ಡಿವಿಸಿಬಲ್ ಅಬೇಲಿಯನ್ ಗ್ರೂಪ್‌ಗಳು. ಡಿವಿಸಿಬಲ್ ಅಂದರೆ ಯಾವ ಅಂಶ ಕೊಟ್ಟರೂ, ಯಾವ ಧನ ಪೂರ್ಣಾಂಕ ಕೊಟ್ಟರೂ ಭಾಗಿಸಬಹುದು. ಅಂದರೆ ಅಷ್ಟು ಸಲ ಕೂಡಿದಾಗ ಆ ಅಂಶವೇ ಸಿಗುವಂಥ ಇನ್ನೊಂದು ಅಂಶ ಅದೇ ಗ್ರೂಪ್‌ನಲ್ಲಿ ಇರಬೇಕು. ಭಾಗಲಬ್ಧ ಸಂಖ್ಯೆಗಳ ಗ್ರೂಪ್ ಡಿವಿಸಿಬಲ್. ಪೂರ್ಣಾಂಕಗಳದ್ದು ಅಲ್ಲ, 1 ಅನ್ನು 2 ರಿಂದ ಭಾಗಿಸಿದರೆ ಹೊರಗೆ ಹೋಗುತ್ತದೆ.

ಈಗ ಭಾಗಲಬ್ಧಗಳಿಂದ, ಭಾಗಲಬ್ಧಗಳನ್ನು ಪೂರ್ಣಾಂಕಗಳಿಂದ ಕೋಷಂಟ್ ಮಾಡಿದ ಗ್ರೂಪ್‌ಗೆ ಹೋಗುವ ಸಹಜ ಬಾಣ ನೋಡಿ. ಎರಡೂ ಡಿವಿಸಿಬಲ್, ಏಕೆಂದರೆ ಡಿವಿಸಿಬಲ್ ಗ್ರೂಪ್‌ನ ಕೋಷಂಟ್ ಕೂಡ ಡಿವಿಸಿಬಲ್. ಬಾಣ ಒನ್-ಒನ್ ಅಲ್ಲ, ಎಲ್ಲ ಪೂರ್ಣಾಂಕಗಳೂ 0 ಗೆ ಹೋಗುತ್ತವೆ. ಆದರೂ ಚಿಕ್ಕದರಲ್ಲಿ ಮೋನೊ. ಯಾಕೆ?

ಎಕ್ಸ್ ಒಂದು ಡಿವಿಸಿಬಲ್ ಗ್ರೂಪ್, ಅದರಿಂದ ಭಾಗಲಬ್ಧಗಳಿಗೆ ಜಿ, ಎಚ್ ಎರಡು ಬಾಣ, ಕೋಷಂಟ್ ಆದ ಮೇಲೆ ಎರಡೂ ಒಂದೇ ಅಂದುಕೊಳ್ಳಿ. ಜಿ ಇಂದ ಎಚ್ ಕಳೆಯಿರಿ. ಬಂದ ಹೋಮೊಮಾರ್ಫಿಸಂ ಪೂರ್ಣಾಂಕಗಳೊಳಗೇ ಬೀಳುತ್ತದೆ. ಡಿವಿಸಿಬಲ್ ಗ್ರೂಪ್‌ನ ಇಮೇಜ್ ಡಿವಿಸಿಬಲ್. ಪೂರ್ಣಾಂಕಗಳ ಒಳಗೆ ಇರುವ ಡಿವಿಸಿಬಲ್ ಸಬ್‌ಗ್ರೂಪ್ 0 ಒಂದೇ. ಹಾಗಾದರೆ ಆ ವ್ಯತ್ಯಾಸ 0, ಜಿ ಮತ್ತು ಎಚ್ ಒಂದೇ. ಮುಗೀತು. ಬಾಣದ ದೋಷ ತೋರಿಸಬಲ್ಲ ಸಾಕ್ಷಿ ಪೂರ್ಣಾಂಕಗಳ ಗ್ರೂಪ್‌ನಿಂದ ಬರಬೇಕಿತ್ತು, ಅದು ಈ ಕೆಟಗರಿಯಲ್ಲೇ ಇಲ್ಲ.

ಇನ್ನೂ ಚಿಕ್ಕ ಉದಾಹರಣೆ ಬೇಕು ಅನ್ನುವವರಿಗೆ: ಅದೇ ಕೋಷಂಟ್ ಗ್ರೂಪ್‌ನಿಂದ ಅದಕ್ಕೇ ಹೋಗುವ "2 ರಿಂದ ಗುಣಿಸು" ಅನ್ನುವ ಬಾಣ. 0 ಮತ್ತು 1/2 ಎರಡೂ 0 ಗೆ ಹೋಗುತ್ತವೆ. ಎರಡೇ ಅಂಶದ ಗ್ರೂಪ್‌ನಲ್ಲಿ ಡಿವಿಸಿಬಲ್ ಸಬ್‌ಗ್ರೂಪ್ 0 ಮಾತ್ರ, ಆದ್ದರಿಂದ ಇದೂ ಮೋನೊ. ನನಗೆ ಇದೇ ಜಾಸ್ತಿ ಇಷ್ಟ, ಬೋರ್ಡಿನ ಮೂಲೆಯಲ್ಲಿ ಬರೆದು ಮುಗಿಸಬಹುದು.

ಕರ್ನಲ್ ಏನಾಯಿತು ಅಂತಲೂ ಇಲ್ಲೇ ನೋಡಿಬಿಡಿ. ಕೆಟಗರಿಯ ಮಾತಿನಲ್ಲಿ ಎಫ್ ನ ಕರ್ನಲ್ ಅಂದರೆ, ಎಫ್ ಹಾಕಿದ ಮೇಲೆ 0 ಆಗುವ, ಅಂಥ ಬೇರೆಲ್ಲ ಬಾಣಗಳೂ ತನ್ನ ಮೂಲಕವೇ ಒಂದೇ ರೀತಿಯಲ್ಲಿ ಹಾದು ಬರುವ ಬಾಣ. ಅಬೇಲಿಯನ್ ಗ್ರೂಪ್‌ಗಳಲ್ಲಿ ಮೊದಲ ಬಾಣದ ಕರ್ನಲ್ ಪೂರ್ಣಾಂಕಗಳು. ಡಿವಿಸಿಬಲ್ ಕೆಟಗರಿಯಲ್ಲಿ ಕರ್ನಲ್ 0. ಸಾಮಾನ್ಯ ನಿಯಮ ಹೀಗೆ: ಮಾಮೂಲಿ ಕರ್ನಲ್ ತೆಗೆದುಕೊಂಡು, ಅದರೊಳಗಿನ ಅತಿ ದೊಡ್ಡ ಡಿವಿಸಿಬಲ್ ಸಬ್‌ಗ್ರೂಪ್ ಹಿಡಿದರೆ ಅದೇ ಚಿಕ್ಕದರ ಕರ್ನಲ್. ಅಂದರೆ ಡಿವಿಸಿಬಲ್ ಗ್ರೂಪ್‌ಗಳಲ್ಲಿ ಪ್ರತಿ ಬಾಣಕ್ಕೂ ಕರ್ನಲ್ ಇದೆ, ಆದರೆ ಅದು ನೀವು ತಿಳಿದ ಕರ್ನಲ್ ಆಗಿರಬೇಕಿಲ್ಲ. ಇನ್ನೊಂದು ಮಾತು, ಈ ಬಾಣ ಮೋನೊನೂ ಹೌದು, ಆನ್‌ಟೂ ಆಗಿರುವುದರಿಂದ ಎಪಿನೂ (ಬಾಣಗಳ ದಿಕ್ಕು ತಿರುಗಿಸಿದ ಮೋನೊ) ಹೌದು, ಐಸೊಮಾರ್ಫಿಸಂ ಮಾತ್ರ ಅಲ್ಲ. ಅಬೇಲಿಯನ್ ಕೆಟಗರಿಯಲ್ಲಾದರೆ ಮೋನೊನೂ ಎಪಿನೂ ಆದ ಬಾಣ ಐಸೊಮಾರ್ಫಿಸಂ ಆಗಲೇಬೇಕು. ಅಲ್ಲಿಗೆ ಡಿವಿಸಿಬಲ್ ಗ್ರೂಪ್‌ಗಳು ಅಬೇಲಿಯನ್ ಕೆಟಗರಿ ಅಲ್ಲ ಅಂತಲೂ ತೀರ್ಮಾನ ಆಯಿತು.

ಟೋಪಾಲಜಿಯವರಿಗೂ ಇಂಥದೇ ಒಂದಿದೆ. ಬೇಸ್ ಪಾಯಿಂಟ್ ಇರುವ ಕನೆಕ್ಟೆಡ್ ಸ್ಪೇಸ್‌ಗಳಲ್ಲಿ, ನೈಜ ಸಂಖ್ಯೆಗಳ ಸಾಲನ್ನು ವೃತ್ತದ ಮೇಲೆ ಸುತ್ತುವ ಬಾಣ ಮೋನೊ. ಕವರಿಂಗ್‌ನಲ್ಲಿ ಲಿಫ್ಟ್ ಒಂದೇ ಒಂದು ಅನ್ನುವ ಪ್ರಮೇಯವೇ ಇದರ ಪುರಾವೆ. ಕನೆಕ್ಟೆಡ್ ಅನ್ನುವ ಷರತ್ತು ತೆಗೆದರೆ ಕೆಡುತ್ತದೆ.

ಸುರಕ್ಷಿತ ಅಂತ ಹೇಳಲು ಮೂರು ಪರೀಕ್ಷೆ

ಪೂರ್ತಿ ಉತ್ತರ ಕೊಡುವ ಒಂದೇ ಸೂತ್ರ ಹುಡುಕಬೇಡಿ. ಇವುಗಳಲ್ಲಿ ಒಂದು ಪಾಸಾದರೂ ಮೋನೊ ಉಳಿಯುತ್ತದೆ. ಮೂರೂ ಫೇಲಾದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಪ್ರತ್ಯುದಾಹರಣೆ ಹುಡುಕಲು ಕೂರಬೇಕು.

ಒಂದನೆಯದು, ದೊಡ್ಡದರ ಕರ್ನಲ್ ಚಿಕ್ಕದರಲ್ಲೇ ಇದೆಯಾ? ಗ್ರೂಪ್‌ಗಳ ಮಟ್ಟಿಗೆ ಇದು ಸಾಕು. ಎಫ್ ಒನ್-ಒನ್ ಅಲ್ಲದಿದ್ದರೆ ಅದರ ಕರ್ನಲ್ ಇಂದ ಎ ಗೆ ಎರಡು ಬಾಣ ಇವೆ: ಒಂದು ಇದ್ದಂತೆ ಕಳಿಸುವುದು, ಇನ್ನೊಂದು ಎಲ್ಲವನ್ನೂ ಐಡೆಂಟಿಟಿ ಅಂಶಕ್ಕೆ ಕಳಿಸುವುದು. ಎರಡೂ ಬೇರೆ, ಎಫ್ ಆದ ಮೇಲೆ ಒಂದೇ. ಸಾಕ್ಷಿ ಸಿಕ್ಕಿತು. ಹಾಗಾಗಿ ಫೈನೈಟ್ ಗ್ರೂಪ್‌ಗಳು, ಟಾರ್ಷನ್ (ಪ್ರತಿ ಅಂಶದ ಆರ್ಡರ್ ಫೈನೈಟ್ ಆಗಿರುವ) ಅಬೇಲಿಯನ್ ಗ್ರೂಪ್‌ಗಳು, ಫೈನೈಟ್ಲಿ ಜನರೇಟೆಡ್ ಅಬೇಲಿಯನ್ ಗ್ರೂಪ್‌ಗಳು, ಇವೆಲ್ಲ ಪಾಸ್. ಇವುಗಳ ಸಬ್‌ಗ್ರೂಪ್‌ಗಳೂ ಅದೇ ಜಾತಿಯವು. ಜೊತೆಗೆ ಕರ್ನಲ್ ಕೂಡ ಉಳಿಯುತ್ತದೆ. ಫುಲ್ ಆಗಿರುವುದರಿಂದ ದೊಡ್ಡದರ ಕರ್ನಲ್ ಚಿಕ್ಕದರಲ್ಲಿ ಇದ್ದರೆ ಅಲ್ಲೂ ಅದೇ ಕರ್ನಲ್ ಆಗಲೇಬೇಕು. ಗ್ರೂಪ್ ಅಲ್ಲದ ಕೆಟಗರಿಯಾದರೆ ಕರ್ನಲ್ ಬದಲು ಕರ್ನಲ್ ಪೇರ್ ನೋಡಿ, ಅಂದರೆ ಎಫ್ ಅನ್ನು ಅದರ ಜೊತೆಗೇ ಪುಲ್‌ಬ್ಯಾಕ್ ಮಾಡಿದಾಗ ಬರುವ ವಸ್ತು (ಸೆಟ್‌ಗಳಲ್ಲಾದರೆ, ಎಫ್ ಒಂದೇ ಕಡೆ ಕಳಿಸುವ ಅಂಶಗಳ ಜೋಡಿಗಳು). ಎಫ್ ಮೋನೊ ಆಗುವುದು ಆ ಪುಲ್‌ಬ್ಯಾಕ್‌ನ ಎರಡು ಪ್ರೊಜೆಕ್ಷನ್ ಒಂದೇ ಆದಾಗ, ಆಗ ಮಾತ್ರ. ಅದಕ್ಕೇ ಪುಲ್‌ಬ್ಯಾಕ್ ಉಳಿಸುವ ಯಾವ ಫಂಕ್ಟರ್ ಆದರೂ ಮೋನೊ ಉಳಿಸುತ್ತದೆ.

ಎರಡನೆಯದು, ಜನರೇಟರ್ ಒಳಗಿದೆಯಾ? ಗ್ರೂಪ್‌ಗಳಲ್ಲಿ ಪೂರ್ಣಾಂಕಗಳ ಗ್ರೂಪ್‌ಗೆ ಒಂದು ವಿಶೇಷ ಗುಣ ಇದೆ: ಅದರಿಂದ ಎ ಗೆ ಹೋಗುವ ಬಾಣ ಅಂದರೆ ಎ ಯ ಒಂದು ಅಂಶ. 1 ಎಲ್ಲಿಗೆ ಹೋಗುತ್ತದೆ ಅಂತ ಹೇಳಿದರೆ ಮುಗಿಯಿತು. ಹಾಗಾಗಿ ಚಿಕ್ಕ ಕೆಟಗರಿಯಲ್ಲಿ ಪೂರ್ಣಾಂಕಗಳ ಗ್ರೂಪ್ ಇದ್ದರೆ, ಎಫ್ ಎರಡು ಅಂಶಗಳನ್ನು ಒಂದು ಮಾಡಿದ ಕೂಡಲೇ ಸಾಕ್ಷಿ ಎದ್ದು ನಿಲ್ಲುತ್ತದೆ. ಬೇರೆ ಕೆಟಗರಿಗಳಲ್ಲಿ ಇಂಥ ಕೆಲಸ ಮಾಡುವ ವಸ್ತು, ಅಥವಾ ವಸ್ತುಗಳ ಗುಂಪು, ಯಾವುದು ಅಂತ ಹುಡುಕಿ ಅದು ಒಳಗಿದೆಯಾ ಅಂತ ನೋಡಬೇಕು.

ಈ ಪರೀಕ್ಷೆಯ ಬೆಲೆ ಗೊತ್ತಾಗುವುದು ಫೈನೈಟ್ಲಿ ಜನರೇಟೆಡ್ ಗ್ರೂಪ್‌ಗಳಲ್ಲಿ, ಅಬೇಲಿಯನ್ ಅನ್ನುವ ಷರತ್ತು ಬಿಟ್ಟಾಗ. ಎರಡು ಜನರೇಟರ್‌ನ ಫ್ರೀ ಗ್ರೂಪ್ ತೆಗೆದುಕೊಂಡು ಅದನ್ನು ಅಬೇಲಿಯನ್ ಮಾಡುವ ಬಾಣ ನೋಡಿ. ಅದರ ಕರ್ನಲ್ ಕಮ್ಯುಟೇಟರ್ ಸಬ್‌ಗ್ರೂಪ್, ಅದು ಫೈನೈಟ್ಲಿ ಜನರೇಟೆಡ್ ಅಲ್ಲ. ಒಂದನೇ ಪರೀಕ್ಷೆ ಫೇಲ್. ಆದರೂ ಪೂರ್ಣಾಂಕಗಳ ಗ್ರೂಪ್ ಒಳಗೇ ಇದೆಯಲ್ಲ, ಮೋನೊಗಳೆಲ್ಲ ಒನ್-ಒನ್ ಆಗಿಯೇ ಉಳಿಯುತ್ತವೆ. ಹಾಗಾದರೆ ಈ ಬಾಣಕ್ಕೆ ಚಿಕ್ಕದರಲ್ಲಿ ಕರ್ನಲ್ ಯಾವುದು? ಯಾವುದೂ ಇಲ್ಲ. ಇದ್ದಿದ್ದರೆ ಅದು ಒನ್-ಒನ್ ಆಗಿ ಕಮ್ಯುಟೇಟರ್ ಸಬ್‌ಗ್ರೂಪ್ ಒಳಗೆ ಕೂರಬೇಕು. ಆ ಸಬ್‌ಗ್ರೂಪ್‌ನ ಪ್ರತಿ ಅಂಶವೂ ಪೂರ್ಣಾಂಕಗಳಿಂದ ಬರುವ ಬಾಣ ಆಗಿರುವುದರಿಂದ ಎಲ್ಲ ಅಂಶಗಳೂ ಅದರಲ್ಲಿ ಬರಲೇಬೇಕು. ಅಲ್ಲಿಗೆ ಫೈನೈಟ್ಲಿ ಜನರೇಟೆಡ್ ಅಲ್ಲದ ಗ್ರೂಪ್ ಫೈನೈಟ್ಲಿ ಜನರೇಟೆಡ್ ಆಗಿಬಿಡುತ್ತದೆ. "ಹಂಗಾದ್ರ ಕರ್ನಲ್ ಉಳಿಸ್ತದೋ ಇಲ್ಲೋ, ಸರ್?" ಉಳಿಸುತ್ತದೆ. ಉಳಿಸುವುದು ಅಂದರೆ ಚಿಕ್ಕದರಲ್ಲಿ ಇರುವ ಕರ್ನಲ್‌ಗಳ ಬಗ್ಗೆ ಮಾತ್ರ ಮಾತು. ಇಲ್ಲದ ಕರ್ನಲ್ ಬಗ್ಗೆ ಇನ್‌ಕ್ಲೂಷನ್‌ಗೆ ಯಾವ ಜವಾಬ್ದಾರಿಯೂ ಇಲ್ಲ.

ಮೂರನೆಯದು, ಸಬ್‌ಕೆಟಗರಿ ರಿಫ್ಲೆಕ್ಟಿವ್ ಹೌದಾ? ದೊಡ್ಡದರ ಪ್ರತಿ ವಸ್ತುವಿನಿಂದ ಚಿಕ್ಕದರ ಒಂದು ವಸ್ತುವಿಗೆ ಅತ್ಯುತ್ತಮ ಬಾಣ ಇದ್ದರೆ, ಚಿಕ್ಕದಕ್ಕೆ ಹೋಗುವ ಬೇರೆಲ್ಲ ಬಾಣಗಳೂ ಅದರ ಮೂಲಕವೇ ಒಂದೇ ರೀತಿಯಲ್ಲಿ ಹಾದು ಹೋದರೆ, ಅದು ರಿಫ್ಲೆಕ್ಟಿವ್. ಆಗ ಇನ್‌ಕ್ಲೂಷನ್ ಒಂದು ರೈಟ್ ಅಡ್ಜಾಯಿಂಟ್. ಡೇನಿಯಲ್ ಕಾನ್ 1958 ರಲ್ಲಿ ಅಡ್ಜಾಯಿಂಟ್ ಫಂಕ್ಟರ್‌ಗಳನ್ನು ತಂದ ಮೇಲೆ ಇಂಥ ಪ್ರಶ್ನೆಗಳು ಎರಡು ಸಾಲಿನಲ್ಲಿ ಮುಗಿಯುವ ಹಾಗಾದವು: ರೈಟ್ ಅಡ್ಜಾಯಿಂಟ್ ಎಲ್ಲ ಲಿಮಿಟ್‌ಗಳನ್ನೂ ಉಳಿಸುತ್ತದೆ, ಪುಲ್‌ಬ್ಯಾಕ್ ಒಂದು ಲಿಮಿಟ್, ಕರ್ನಲ್ ಒಂದು ಲಿಮಿಟ್. ಮೋನೊನೂ ಉಳಿಯಿತು, ಕರ್ನಲ್ಲೂ ಉಳಿಯಿತು. ಗ್ರೂಪ್‌ಗಳೊಳಗೆ ಅಬೇಲಿಯನ್ ಗ್ರೂಪ್‌ಗಳು, ಅಬೇಲಿಯನ್ ಗ್ರೂಪ್‌ಗಳೊಳಗೆ ಟಾರ್ಷನ್-ಫ್ರೀ (0 ಬಿಟ್ಟು ಯಾವ ಅಂಶಕ್ಕೂ ಫೈನೈಟ್ ಆರ್ಡರ್ ಇಲ್ಲದ) ಗ್ರೂಪ್‌ಗಳು, ಪ್ರೀಶೀಫ್‌ಗಳೊಳಗೆ ಶೀಫ್‌ಗಳು, ಎಲ್ಲ ಹೀಗೇ. ಶೀಫ್‌ಗಳ ಕರ್ನಲ್ ಲೆಕ್ಕ ಹಾಕಲು ಪ್ರೀಶೀಫ್ ಕರ್ನಲ್ ಸಾಕು, ಕೋಕರ್ನಲ್‌ಗೆ ಮಾತ್ರ ಶೀಫಿಫಿಕೇಷನ್ ಬೇಕು ಅಂತ ಪಾಠದಲ್ಲಿ ಕೇಳಿರುತ್ತೀರಿ. ಕಾರಣ ಇದೇ.

ಇಲ್ಲಿ ಜನ ಎಡವುವುದು ದಿಕ್ಕಿನಲ್ಲಿ. ಡಿವಿಸಿಬಲ್ ಗ್ರೂಪ್‌ಗಳು ಕೋರಿಫ್ಲೆಕ್ಟಿವ್. ಪ್ರತಿ ಅಬೇಲಿಯನ್ ಗ್ರೂಪ್‌ಗೂ ಅದರ ಅತಿ ದೊಡ್ಡ ಡಿವಿಸಿಬಲ್ ಸಬ್‌ಗ್ರೂಪ್ ಇದೆ, ಬಾಣ ಅದರಿಂದ ಹೊರಗೆ ಹೋಗುತ್ತದೆ. ಆಗ ಇನ್‌ಕ್ಲೂಷನ್ ಲೆಫ್ಟ್ ಅಡ್ಜಾಯಿಂಟ್, ಉಳಿಸುವುದು ಕೋಲಿಮಿಟ್ ಮತ್ತು ಎಪಿಗಳನ್ನು. ಮೋನೊ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಹಾಗಂತ ಕೋರಿಫ್ಲೆಕ್ಟಿವ್ ಎಲ್ಲ ಕೆಟ್ಟದ್ದು ಅಂತಲೂ ಅಲ್ಲ. ಟಾರ್ಷನ್ ಗ್ರೂಪ್‌ಗಳೂ ಕೋರಿಫ್ಲೆಕ್ಟಿವ್, ಆದರೆ ಒಂದನೇ ಪರೀಕ್ಷೆಯಲ್ಲಿ ಆಗಲೇ ಪಾಸಾದವು. ಅವು ಎಡವುವುದು ಅನಂತ ಪ್ರಾಡಕ್ಟ್‌ನಲ್ಲಿ.

ಮೋನೊ ಉಳಿದರೆ ಕರ್ನಲ್ ಉಳಿಯುತ್ತದಾ?

ಇಲ್ಲ. ಇದನ್ನು ಹೆಚ್ಚಿನವರು ನಂಬುವುದಿಲ್ಲ, ಅದಕ್ಕೇ ಪೂರ್ತಿ ಉದಾಹರಣೆ ಕೊಡುತ್ತೇನೆ.

ಛೇದದಲ್ಲಿ 2 ರ ಘಾತಗಳು ಮಾತ್ರ ಇರುವ ಭಾಗಲಬ್ಧಗಳನ್ನು ತೆಗೆದುಕೊಂಡು ಪೂರ್ಣಾಂಕಗಳಿಂದ ಕೋಷಂಟ್ ಮಾಡಿ. ಇದು 2 ರ ಪ್ರ್ಯೂಫರ್ ಗ್ರೂಪ್. ಈಗ ಚಿಕ್ಕ ಕೆಟಗರಿ: ಎರಡು ಅಂಶದ ಗ್ರೂಪ್‌ನ ಕೆಲವು ಪ್ರತಿ, ಪ್ರ್ಯೂಫರ್ ಗ್ರೂಪ್‌ನ ಕೆಲವು ಪ್ರತಿ ಸೇರಿಸಿ ಮಾಡಿದ ಎಲ್ಲ ಫೈನೈಟ್ ಡೈರೆಕ್ಟ್ ಸಮ್‌ಗಳು. ಬಾಣಗಳು ಎಲ್ಲ ಹೋಮೊಮಾರ್ಫಿಸಂಗಳು.

ಮೊದಲು ಮೋನೊ ನೋಡಿ. ಎಫ್ ಒನ್-ಒನ್ ಅಲ್ಲ ಅಂದರೆ ಕರ್ನಲ್‌ನಲ್ಲಿ 0 ಅಲ್ಲದ ಅಂಶ ಇದೆ. ಇಲ್ಲಿ ಪ್ರತಿ ಅಂಶದ ಆರ್ಡರ್ 2 ರ ಘಾತ. ಆ ಅಂಶವನ್ನು ಬೇಕಾದಷ್ಟು ಸಲ ದ್ವಿಗುಣ ಮಾಡುತ್ತಾ ಹೋದರೆ ಕರ್ನಲ್ ಒಳಗೇ ಆರ್ಡರ್ 2 ಇರುವ ಅಂಶ ಸಿಗುತ್ತದೆ. ಅಂದರೆ ಎರಡು ಅಂಶದ ಗ್ರೂಪ್‌ನಿಂದ ಅಲ್ಲಿಗೆ ಬಾಣ ಇದೆ, ಆ ಗ್ರೂಪ್ ನಮ್ಮ ಕೆಟಗರಿಯಲ್ಲೇ ಇದೆ. ಸಾಕ್ಷಿ ಸಿಕ್ಕಿತು. ಎಲ್ಲ ಮೋನೊಗಳೂ ಉಳಿದವು.

ಈಗ ಪ್ರ್ಯೂಫರ್ ಗ್ರೂಪ್‌ನಲ್ಲಿ "4 ರಿಂದ ಗುಣಿಸು" ಅನ್ನುವ ಬಾಣ. ಮಾಮೂಲಿ ಕರ್ನಲ್ 0, 1/4, 1/2, 3/4, ನಾಲ್ಕು ಅಂಶದ ಸೈಕ್ಲಿಕ್ ಗ್ರೂಪ್. ಇದು ಚಿಕ್ಕದರಲ್ಲಿ ಇಲ್ಲ. ಚಿಕ್ಕದರ ವಸ್ತುಗಳಿಂದ ಇದರೊಳಗೆ ಯಾವ ಬಾಣ ಬರಬಹುದು? ಪ್ರ್ಯೂಫರ್ ಗ್ರೂಪ್ ಡಿವಿಸಿಬಲ್, ಹಾಗಾಗಿ ಅದರಿಂದ ಫೈನೈಟ್ ಗ್ರೂಪ್‌ಗೆ 0 ಬಾಣ ಒಂದೇ. ಎರಡು ಅಂಶದ ಗ್ರೂಪ್‌ನಿಂದ ಬಂದದ್ದು 0 ಮತ್ತು 1/2 ರ ಮೇಲೆ ಮಾತ್ರ ಬೀಳುತ್ತದೆ. ಎಲ್ಲ ಬಾಣಗಳೂ ಆ ಎರಡು ಅಂಶದ ಸಬ್‌ಗ್ರೂಪ್ ಮೂಲಕವೇ ಹೋಗುತ್ತವೆ. ಹಾಗಾದರೆ ಚಿಕ್ಕದರ ಕರ್ನಲ್ ಅದೇ, ಎರಡು ಅಂಶ. ದೊಡ್ಡದರಲ್ಲಿ ನಾಲ್ಕು. ಕರ್ನಲ್ ಉಳಿಯಲಿಲ್ಲ. ದೋಷ ಇದೆ ಅಂತ ಹೇಳುವ ಸಾಕ್ಷಿ ಇದ್ದ, ದೋಷ ಎಷ್ಟಿದೆ ಅಂತ ಹೇಳುವವನು ಇರಲಿಲ್ಲ.

ಉಲ್ಟಾ ದಿಕ್ಕು ಅಡಿಟಿವ್ ಕೆಟಗರಿಗಳಲ್ಲಿ ಸರಿ ಇದೆ. ಅಲ್ಲಿ ಎರಡು ಬಾಣಗಳ ವ್ಯತ್ಯಾಸ ತೆಗೆಯಬಹುದು, ಹಾಗಾಗಿ ಮೋನೊ ಅನ್ನುವುದೂ ಕರ್ನಲ್ 0 ಅನ್ನುವುದೂ ಒಂದೇ. ಕರ್ನಲ್ ಉಳಿದರೆ ಮೋನೊ ತಾನಾಗಿಯೇ ಉಳಿಯುತ್ತದೆ. ಬೇಸ್ ಪಾಯಿಂಟ್ ಇರುವ ಸೆಟ್‌ಗಳಿಗೆ ಈ ವಾದ ತಗೊಂಡು ಹೋಗಬೇಡಿ. ಅಲ್ಲಿ ಬೇಸ್ ಪಾಯಿಂಟ್ ಬಿಟ್ಟು ಉಳಿದ ಎರಡು ಅಂಶಗಳನ್ನು ಒಂದು ಮಾಡಿದರೂ ಕರ್ನಲ್ 0 ಆಗಿಯೇ ಇರುತ್ತದೆ, ಮೋನೊ ಮಾತ್ರ ಆಗುವುದಿಲ್ಲ.

"ಇದರ ಕರ್ನಲ್" ಬೇರೆ, "ಯಾವುದೋ ಒಂದರ ಕರ್ನಲ್" ಬೇರೆ

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿ. ಟಾರ್ಷನ್-ಫ್ರೀ ಗ್ರೂಪ್‌ಗಳಲ್ಲಿ, ಪೂರ್ಣಾಂಕಗಳಿಂದ ಪೂರ್ಣಾಂಕಗಳಿಗೆ "2 ರಿಂದ ಗುಣಿಸು" ಅನ್ನುವ ಬಾಣ ಒನ್-ಒನ್, ಮೋನೊ. ಅಬೇಲಿಯನ್ ಗ್ರೂಪ್‌ಗಳಲ್ಲಿ ಇದು ಎರಡು ಅಂಶದ ಗ್ರೂಪ್‌ಗೆ ಹೋಗುವ ಬಾಣದ ಕರ್ನಲ್. ಟಾರ್ಷನ್-ಫ್ರೀ ಕೆಟಗರಿಯಲ್ಲಿ ಆ ಎರಡು ಅಂಶದ ಗ್ರೂಪ್ ಇಲ್ಲ, ಸಮ ಸಂಖ್ಯೆಗಳನ್ನು 0 ಮಾಡುವ ಬಾಣ ಎಲ್ಲವನ್ನೂ 0 ಮಾಡಲೇಬೇಕು. ಹಾಗಾಗಿ ಇಲ್ಲಿ ಇದು ಯಾವ ಬಾಣದ ಕರ್ನಲ್ಲೂ ಅಲ್ಲ. ರಿಫ್ಲೆಕ್ಟಿವ್ ಆದ್ದರಿಂದ ಚಿಕ್ಕದರ ಕರ್ನಲ್‌ಗಳು ದೊಡ್ಡದರಲ್ಲಿ ಉಳಿದಿವೆ, ನಿಜ. ಆದರೆ ದೊಡ್ಡದರಲ್ಲಿ ಕರ್ನಲ್ ಅನ್ನಿಸಿಕೊಂಡ ಮೋನೊ ಚಿಕ್ಕದರಲ್ಲೂ ಹಾಗೇ ಅನ್ನಿಸಿಕೊಳ್ಳುತ್ತದೆ ಅಂತ ಬರೆದರೆ ಕೆಂಪು ಗೆರೆ ಖಂಡಿತ.

ಅಭ್ಯಾಸಕ್ಕೆ ಒಂದು

ಅಬೇಲಿಯನ್ ಗ್ರೂಪ್‌ಗಳೊಳಗೆ ಫ್ರೀ ಅಬೇಲಿಯನ್ ಗ್ರೂಪ್‌ಗಳನ್ನು ತೆಗೆದುಕೊಂಡು ಮೂರೂ ಪರೀಕ್ಷೆ ಹಾಕಿ ನೋಡಿ. ಫ್ರೀ ಅಬೇಲಿಯನ್ ಗ್ರೂಪ್‌ನ ಸಬ್‌ಗ್ರೂಪ್ ಫ್ರೀ, ಹಾಗಾಗಿ ಒಂದನೆಯದು ಪಾಸ್. ಪೂರ್ಣಾಂಕಗಳ ಗ್ರೂಪ್ ಒಳಗಿದೆ, ಎರಡನೆಯದೂ ಪಾಸ್. ರಿಫ್ಲೆಕ್ಟಿವ್ ಹೌದಾ ಅಂತ ಕೇಳಿದಾಗ ಸ್ವಲ್ಪ ನಿಲ್ಲಬೇಕು. ಹೌದು ಅನ್ನುವುದಾದರೆ, ಪ್ರಾಡಕ್ಟ್ ಕೂಡ ಒಂದು ಲಿಮಿಟ್ ಆದ್ದರಿಂದ, ಪೂರ್ಣಾಂಕಗಳ ಅನಂತ ಪ್ರಾಡಕ್ಟ್ ಚಿಕ್ಕದರಲ್ಲೇ ಇರಬೇಕಿತ್ತು, ಅಂದರೆ ಫ್ರೀ ಆಗಿರಬೇಕಿತ್ತು. ಅದು ಫ್ರೀ ಅಲ್ಲ ಅಂತ ರೈನ್‌ಹೋಲ್ಡ್ ಬೇರ್ 1937 ರಲ್ಲೇ ತೋರಿಸಿದ್ದಾರೆ. ಮೂರನೆಯದು ಫೇಲ್, ಮೋನೊ ಮತ್ತು ಕರ್ನಲ್ ಎರಡೂ ಆರಾಮಾಗಿ ಉಳಿದಿವೆ. ಫ್ರೀ ಅನ್ನುವ ಕಡೆ ಫೈನೈಟ್ ರ‍್ಯಾಂಕ್‌ನ ಫ್ರೀ ಅಂತ ಹಾಕಿದರೆ ಏನೇನು ಬದಲಾಗುತ್ತದೆ ಅನ್ನುವುದನ್ನು ನೀವೇ ಮಾಡಿ.